‘ಇತರೆ’ ಕಾಲಂನಲ್ಲಿ ಕೂತ ಎಂ.ಎ. ಸಮಾಜಶಾಸ್ತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಪ್ರತಿ: ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಕಾರ್ಯದರ್ಶಿಗಳಿಗೆ. ನಿಜ ಹೇಳಬೇಕೆಂದರೆ ಅವರಿಗೇ ಈ ಪತ್ರ ಜಾಸ್ತಿ ಸಂಬಂಧಪಟ್ಟಿದ್ದು.

ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಅತಿಥಿ ಉಪನ್ಯಾಸಕ. ಅತಿಥಿಯಾಗಿ ಹದಿಮೂರು ವರ್ಷವಾಯಿತು. ನಮ್ಮ ಕಡೆ ಮೂರು ದಿನಕ್ಕಿಂತ ಹೆಚ್ಚು ಉಳಿದ ಬೀಗರನ್ನು ಯಾರೂ ಅತಿಥಿ ಅನ್ನುವುದಿಲ್ಲ, ಅದಕ್ಕೆ ಬೇರೆ ಮಾತಿದೆ. ಇರಲಿ. ಗೌರವಧನದ ಬಗ್ಗೆ, ಸೇವಾ ಭದ್ರತೆಯ ಬಗ್ಗೆ ನನ್ನ ಜೊತೆಗಾರರು ಸ್ವಾತಂತ್ರ್ಯ ಉದ್ಯಾನದಲ್ಲಿ ಕೂತು ಸಾಕಷ್ಟು ಹೇಳಿದ್ದಾರೆ. ನಾನು ಹೇಳಬೇಕಾಗಿರುವುದು ನಮ್ಮ ಮುಂದೆ ಬೆಂಚಿನ ಮೇಲೆ ಕೂರುವ ಮಕ್ಕಳ ವಿಷಯ.

ಈ ಪತ್ರಕ್ಕೆ ಕಾರಣ ಒಂದು ಡ್ರಾಪ್‌ಡೌನ್ ಪಟ್ಟಿ. ನಮ್ಮ ಕಾಲೇಜಿನ ಪಿ.ಜಿ. ಸೆಂಟರ್‌ನಲ್ಲೇ ಎಂ.ಎ. ಮುಗಿಸಿದ ಹುಡುಗಿಯೊಬ್ಬಳು ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ನಿಂದ ಫೋನ್ ಮಾಡಿದಳು. ಒಂದು ಗುತ್ತಿಗೆ ಹುದ್ದೆಗೆ ಅರ್ಜಿ ತುಂಬುತ್ತಿದ್ದಳು. ಯಾವ ಇಲಾಖೆ ಅಂತ ಬೇಡ. ಹಳ್ಳಿ ಹಳ್ಳಿ ತಿರುಗಿ ಸ್ವಸಹಾಯ ಸಂಘದ ಹೆಂಗಸರ ಜೊತೆ ಮಾತಾಡಿ, ಯೋಜನೆ ಯಾರಿಗೆ ಮುಟ್ಟಿದೆ, ಯಾರಿಗೆ ಮುಟ್ಟಿಲ್ಲ ಎಂದು ವರದಿ ಬರೆಯುವ ಕೆಲಸ.

“ಸರ್, ಎಂ.ಎಸ್.ಡಬ್ಲ್ಯೂ. ಐತಿ, ಎಂ.ಬಿ.ಎ. ಐತಿ, ಎಂ.ಕಾಂ. ಸೈತ ಐತಿ. ನಮ್ಮದ ಇಲ್ರಿ. ‘ಇತರೆ’ ಒತ್ತಲ್ರಿ?”

ಎಂ.ಎಸ್.ಡಬ್ಲ್ಯೂ. ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ‘ಇತರೆ’ ಒತ್ತು ಅಂದೆ. ಒತ್ತಿದಳು. ನಿಗದಿತ ವಿದ್ಯಾರ್ಹತೆ ಇಲ್ಲ ಎಂದು ಕೆಂಪಕ್ಷರ ಬಂತಂತೆ. ಸೈಬರ್‌ನವನು ಆದರೂ ತನ್ನ ಐವತ್ತು ರೂಪಾಯಿ ತೆಗೆದುಕೊಂಡ.

ಯೋಚನೆ ಮಾಡಿ. ಹಳ್ಳಿಯ ಹೆಂಗಸರ ಜೊತೆ ಕೂತು, ಕೇಳಿ, ಅರ್ಥ ಮಾಡಿಕೊಂಡು ಬರೆಯುವ ಕೆಲಸಕ್ಕೆ ಎಂ.ಕಾಂ. ಆದೀತು, ಸಮಾಜಶಾಸ್ತ್ರ ಆಗದು. ಆ ಪಟ್ಟಿ ಮಾಡಿದವರಿಗೆ ನಮ್ಮ ಮೇಲೆ ಸಿಟ್ಟೇನೂ ಇರಲಿಕ್ಕಿಲ್ಲ. ಅವರಿಗೆ ನಮ್ಮ ನೆನಪೇ ಬಂದಿಲ್ಲ, ಅಷ್ಟೇ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಈ ರಾಜ್ಯದಲ್ಲಿ ಸಮಾಜಶಾಸ್ತ್ರವನ್ನು ಅತಿ ಹೆಚ್ಚು ಬಳಸುವವರು ಯಾರು? ವಿಶ್ವವಿದ್ಯಾಲಯಗಳೇ? ಖಂಡಿತ ಅಲ್ಲ. ಸರ್ಕಾರ. 1918ರಲ್ಲಿ ಮೈಸೂರು ಮಹಾರಾಜರು ನೇಮಿಸಿದ ಮಿಲ್ಲರ್ ಸಮಿತಿಯಿಂದ ಹಿಡಿದು ನಮ್ಮ ಹಾವೇರಿ ಕಡೆಯವರೇ ಆದ ಎಲ್.ಜಿ. ಹಾವನೂರರ ಆಯೋಗ, ವೆಂಕಟಸ್ವಾಮಿ, ಚಿನ್ನಪ್ಪ ರೆಡ್ಡಿ, ಕಾಂತರಾಜ, ನಾಗಮೋಹನದಾಸ್ ಆಯೋಗಗಳ ತನಕ ನೋಡಿ. ಯಾವ ಜಾತಿ ಎಲ್ಲಿದೆ, ಹೇಗಿದೆ, ಏನು ಓದಿದೆ, ಏನು ತಿನ್ನುತ್ತಿದೆ ಎಂದು ನೂರು ವರ್ಷದಿಂದ ಕೇಳುತ್ತಲೇ ಇದ್ದೀರಿ. ಕೇಳುವುದು ಸಮಾಜಶಾಸ್ತ್ರದ ಪ್ರಶ್ನೆ. ಕೇಳಲು ಕಳಿಸುವುದು ಮಾತ್ರ ಬೇರೆಯವರನ್ನು.

2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ನನ್ನ ತಂಗಿಯೂ ಗಣತಿದಾರಳಾಗಿದ್ದಳು. ಪ್ರಾಥಮಿಕ ಶಾಲೆಯ ಶಿಕ್ಷಕಿ. ದಸರಾ ರಜೆಯಲ್ಲಿ ತವರಿಗೆ ಬರಬೇಕಾದವಳು ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತಾ ಮಾಳಿಗೆ ಹತ್ತಿ ಇಳಿದಳು. ಮನೆಗೊಂದು ಸ್ಟಿಕ್ಕರ್, 60 ಪ್ರಶ್ನೆ. ಮನೆ ಗುರುತಿಸಲು ಕರೆಂಟ್ ಮೀಟರಿನ ಆರ್.ಆರ್. ನಂಬರ್. ಎರಡನೇ ದಿನ ಸಂಜೆಯೇ ಫೋನ್ ಬಂತು.

“ಅಣ್ಣಾ, ಒಂದ ಮೀಟರ್ ಐತಿ, ಒಳಗ ಮೂರ ಒಲಿ ಅದಾವು. ಇದನ್ನ ಒಂದ ಮನಿ ಅಂತ ಬರೀಲೋ, ಮೂರ ಅಂತ ಬರೀಲೋ?”

ನನಗೆ ನಗು ಬಂತು. ಎಂ.ಎ. ಮೊದಲ ಸೆಮಿಸ್ಟರ್‌ನಲ್ಲಿ ‘ಕುಟುಂಬ ಮತ್ತು ಗೃಹ’ ಎಂಬ ಪಾಠದಲ್ಲಿ ಇದನ್ನೇ ಒಂದು ವಾರ ಕಲಿಸುತ್ತೇವೆ. ಗೋಡೆ ಎಣಿಸಬೇಡಿ, ಒಲೆ ಎಣಿಸಿ. ಭಾರತದ ಜನಗಣತಿಯೂ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನೇ ಒಂದು ಕುಟುಂಬ ಎಂದು ಲೆಕ್ಕ ಹಿಡಿಯುತ್ತದೆ. ಆದರೆ ಆ ಮನೆಯ ಅಜ್ಜಿ ಹೇಳಿದ್ದು ಇನ್ನೂ ಚೆಂದ ಇತ್ತು. ಬೆಳಿಗ್ಗೆ ದೊಡ್ಡ ಮಗನ ಒಲೆ, ರಾತ್ರಿ ಸಣ್ಣವನ ಒಲೆ, ನಡುವಿನವನ ಹೆಂಡತಿ ಜೊತೆ ಮಾತಿಲ್ಲ. “ನಾ ಯಾವ ಒಲಿಗೆ ಬರ್ತೀನವ್ವಾ?” ಎಂದು ನನ್ನ ತಂಗಿಯನ್ನೇ ಕೇಳಿದಳಂತೆ. ಅಜ್ಜಿಯ ವಿಧವಾ ವೇತನ, ಪಡಿತರ ಚೀಟಿ, ಗೃಹಲಕ್ಷ್ಮಿ ಹಣ ಯಾವ ಮನೆಗೆ ಹೋಗುತ್ತದೆ ಎಂಬುದೆಲ್ಲ ಆ ಪ್ರಶ್ನೆಯ ಒಳಗೇ ಇದೆ. ನನ್ನ ತಂಗಿ ಜಾಣೆ, ಹೇಗೋ ಸರಿ ಮಾಡಿದಳು. ಆದರೆ ಅವಳು ಓದಿದ್ದು ಡಿ.ಇಡಿ. ನಲಿ-ಕಲಿ ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅದನ್ನು ಬಿಡಿಸಿ ಈ ಕೆಲಸಕ್ಕೆ ಹಚ್ಚಿದಿರಿ. ಈ ಕೆಲಸವನ್ನೇ ಎರಡು ವರ್ಷ ಓದಿದ ನನ್ನ ವಿದ್ಯಾರ್ಥಿಗಳು ಅದೇ ಹೊತ್ತಿಗೆ ಹುಬ್ಬಳ್ಳಿಯ ಬಟ್ಟೆ ಅಂಗಡಿಗಳಲ್ಲಿ ದಸರಾ ಸೇಲ್‌ಗೆ ಸೀರೆ ಮಡಚುತ್ತಿದ್ದರು.

ಅದೇ ವರ್ಷದ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವರೊಳಗೇ ಹಂಚಲು, ನಡೆದ ಸಮೀಕ್ಷೆ ಇನ್ನೂ ಸೂಕ್ಷ್ಮದ್ದು. ಪರಿಶಿಷ್ಟ ಜಾತಿಗಳಲ್ಲಿ ಲಕ್ಷಾಂತರ ಜನರ ಪ್ರಮಾಣಪತ್ರದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಿದೆ. ಇವು ಜಾತಿಗಳ ಹೆಸರಲ್ಲ, ಗುಂಪುಗಳ ಹೆಸರು. ಆದಿ ಕರ್ನಾಟಕ ಅಂದರೆ ಒಂದು ಜಿಲ್ಲೆಯಲ್ಲಿ ಎಡಗೈ, ಇನ್ನೊಂದು ಜಿಲ್ಲೆಯಲ್ಲಿ ಬಲಗೈ. ಇವು ಪರಿಶಿಷ್ಟ ಜಾತಿಗಳ ಎರಡು ದೊಡ್ಡ ಬಣಗಳು. ಒಳಗಿನ ಮೂಲ ಜಾತಿ ಯಾವುದು ಎಂದು ಕೇಳಬೇಕು. ಬೆಂಗಳೂರಿನ ಬಾಡಿಗೆ ಮನೆಯ ಬಾಗಿಲಲ್ಲಿ, ಪಕ್ಕದ ಮನೆಯವರು ಕಿವಿ ಕೊಟ್ಟು ನಿಂತಿರುವಾಗ, ಆ ಪ್ರಶ್ನೆಯನ್ನು ಹೇಗೆ ಕೇಳುತ್ತೀರಿ? ಜಾತಿ ಹೇಳಿದರೆ ಮನೆ ಖಾಲಿ ಮಾಡಿಸುತ್ತಾರೆ ಎಂಬ ಹೆದರಿಕೆ ಇರುವವರ ಹತ್ತಿರ? ಇದು ಕ್ಷೇತ್ರಕಾರ್ಯದ ಪ್ರಶ್ನೆ. ಮೊದಲು ಚಹಾ ಕುಡಿಯಬೇಕು, ಊರು ಕೇಳಬೇಕು, ಮನೆದೇವರು ಕೇಳಬೇಕು. ಜಾತಿ ಆಮೇಲೆ ತಾನಾಗೇ ಬರುತ್ತದೆ. ಇಂಥ ಸಂಖ್ಯೆಗಳ ಮೇಲೆ ನಿಂತು ನೀವು ಮೀಸಲಾತಿಯನ್ನು ಮೂರು ಗುಂಪಿಗೆ ಶೇಕಡಾ ಆರು, ಆರು, ಐದು ಎಂದು ಹಂಚಿದಿರಿ. ಸಂಖ್ಯೆ ತಪ್ಪಾದರೆ ಯಾರ ಮಗುವಿನ ಸೀಟು ಯಾರಿಗೆ ಹೋಯಿತು ಎಂದು ಹೇಳುವವರು ಯಾರು?

2015ರ ಸಮೀಕ್ಷೆಯ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಮನೆ ಮನೆ ಸುತ್ತಿದ್ದು 2015ರಲ್ಲಿ, ವರದಿ ಸರ್ಕಾರದ ಕೈ ಸೇರಿದ್ದು 2024ರಲ್ಲಿ, ಹಳೆಯದಾಯಿತು ಎಂದು ಹೊಸದಾಗಿ ಶುರು ಮಾಡಿದ್ದು 2025ರಲ್ಲಿ. ಈಗ 2027ರ ಜನಗಣತಿಯಲ್ಲಿ ಕೇಂದ್ರವೂ ಜಾತಿ ಎಣಿಸುತ್ತದೆ. ಅಂದರೆ ಕೆಲಸ ಮುಗಿಯುವ ಲಕ್ಷಣವೇ ಇಲ್ಲ.

ಜಮೀನಿನ ವಿಷಯಕ್ಕೆ ಬನ್ನಿ. ಹಾವೇರಿಯವನಾದ್ದರಿಂದ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಹೊಲದ ಬೆಲೆ ನನಗೆ ಗೊತ್ತು, ಹಾಗಾಗಿ ಈ ಮಾತು ಸ್ವಲ್ಪ ಉದ್ದ ಆಗಬಹುದು. 2013ರ ಭೂಸ್ವಾಧೀನ ಕಾಯ್ದೆ ಒಂದು ಅಪರೂಪದ ಕಾಯ್ದೆ. ಸರ್ಕಾರ ರೈತರ ಜಮೀನು ಹಿಡಿಯುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಿಸಬೇಕು, ಆರು ತಿಂಗಳಲ್ಲಿ ಮುಗಿಸಬೇಕು ಅನ್ನುತ್ತದೆ. ಆ ಅಧ್ಯಯನವನ್ನು ತೂಗಿ ನೋಡಲು ತಜ್ಞರ ತಂಡ ಬೇಕು. ಅದರಲ್ಲಿ ಯಾರಿರಬೇಕೆಂದು 7ನೇ ಕಲಂ ಬಿಡಿಸಿ ಹೇಳುತ್ತದೆ. ಪಟ್ಟಿಯಲ್ಲಿ ಮೊದಲು ಬರುವವರು ಯಾರು ಗೊತ್ತೇ? ಇಬ್ಬರು ಸರ್ಕಾರೇತರ ಸಮಾಜ ವಿಜ್ಞಾನಿಗಳು. ಎಂಜಿನಿಯರಿಗಿಂತ ಮೊದಲು! ನಾನು ಈ ಕಲಂ ಅನ್ನು ಪ್ರತಿ ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಮಕ್ಕಳ ಮುಖ ಅರಳುತ್ತದೆ. ಕಾಯ್ದೆಯೊಂದರಲ್ಲಿ ತಮ್ಮ ಹೆಸರನ್ನು ಅವರು ನೋಡುವುದು ಅದೇ ಮೊದಲು.

ಆಮೇಲೆ ಉಳಿದದ್ದನ್ನೂ ಹೇಳಬೇಕಲ್ಲ. 2019ರಲ್ಲಿ ನಮ್ಮ ರಾಜ್ಯವೇ ತಿದ್ದುಪಡಿ ತಂದು, ಮೂಲಸೌಕರ್ಯ, ಕೈಗಾರಿಕಾ ಕಾರಿಡಾರ್ ಮುಂತಾದ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಕೊಡುವ ಅಧಿಕಾರ ಇಟ್ಟುಕೊಂಡಿತು. ಇನ್ನು ಕೈಗಾರಿಕೆಗೆಂದು 1966ರ ಕೆಐಎಡಿಬಿ ಕಾಯ್ದೆಯಡಿ ಜಮೀನು ಹಿಡಿದರೆ ಇಂಥ ಅಧ್ಯಯನದ ಮಾತೇ ಅದರಲ್ಲಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳಲ್ಲಿ ಆದದ್ದು ಅದೇ. 1,777 ಎಕರೆಗೆ ನೋಟಿಸ್, ಮೂರು ವರ್ಷಕ್ಕೂ ಮೀರಿ ಧರಣಿ, ಕೊನೆಗೆ 2025ರ ಜುಲೈನಲ್ಲಿ ಮುಖ್ಯಮಂತ್ರಿಗಳೇ ಕೈಬಿಟ್ಟೆವು ಎಂದರು. ಮೊದಲೇ ಇಬ್ಬರು ಸಮಾಜಶಾಸ್ತ್ರದವರನ್ನು ಆರು ತಿಂಗಳು ಅಲ್ಲಿ ಕೂರಿಸಿದ್ದರೆ, ಅಲ್ಲಿ ಯಾರು ರೇಷ್ಮೆ ಮಾಡುತ್ತಾರೆ, ಯಾರು ದ್ರಾಕ್ಷಿ ಬೆಳೆಯುತ್ತಾರೆ, ಯಾರಿಗೆ ಆ ಒಂದೆಕರೆ ಬಿಟ್ಟರೆ ಬೇರೆ ಗತಿಯಿಲ್ಲ ಎಂದು ಬರೆದು ಕೊಡುತ್ತಿದ್ದರು. ಮೂರು ವರ್ಷದ ಬಿಸಿಲು ಉಳಿಯುತ್ತಿತ್ತು.

ಮೂರನೆಯದು ಕೆಇಎ. ನಮ್ಮ ಮಕ್ಕಳಿಗೆ ಕೆಇಎ ಅಂದರೆ ಒಂದೇ: ಕೆ-ಸೆಟ್ ಎಂಬ ಉಪನ್ಯಾಸಕರ ಅರ್ಹತಾ ಪರೀಕ್ಷೆ ನಡೆಸುವ ಪರೀಕ್ಷಾ ಪ್ರಾಧಿಕಾರ. ಆ ಹೆಸರು ಕೇಳಿದರೆ ಬೆವರುತ್ತಾರೆ. ಇದೇ ರಾಜ್ಯದಲ್ಲಿ ಇನ್ನೊಂದು ಕೆಇಎ ಇದೆ, ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ. ಸರ್ಕಾರದ ಯೋಜನೆಗಳು ಜನರಿಗೆ ಮುಟ್ಟಿದವೇ, ಕೆಲಸ ಮಾಡಿದವೇ ಎಂದು ಅಧ್ಯಯನ ಮಾಡಿಸುವುದು ಅದರ ಕೆಲಸ. ಹೊರಗಿನ ಸಂಸ್ಥೆಗಳಿಗೆ ಈ ಅಧ್ಯಯನಗಳನ್ನು ವಹಿಸುತ್ತಾರೆ. ಅವರು ಹಳ್ಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಲು ದಿನಗೂಲಿಗೆ ಹುಡುಗರನ್ನು ಹಿಡಿಯುತ್ತಾರೆ. ಹಾಗೆ ದಿನಗೂಲಿಗೆ ಹೋದವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ. ನಾನೂ ಒಂದು ಬೇಸಿಗೆ ಹೋಗಿದ್ದೆ. ವರದಿಯಲ್ಲಿ ನಮ್ಮ ಹೆಸರಿರಲಿಲ್ಲ. ನಾನು ಒಂದು ಹಳ್ಳಿಯಲ್ಲಿ ಬರೆದುಕೊಂಡ ಎಂಟು ಪುಟದ ಟಿಪ್ಪಣಿಯಲ್ಲಿ ಆ ವರದಿಗೆ ಹೋದದ್ದು ಮೂರು ಟಿಕ್ ಮಾರ್ಕ್.

ಈಗ ನೀವು ಕೇಳಬಹುದು, ಹಾಗಾದರೆ ಎಂ.ಎ. ಮಾಡಿದವರು ಏನಾಗುತ್ತಿದ್ದಾರೆ ಎಂದು. ಕೇಳಿ.

ಮೊದಲ ಆಸೆ ಮೇಷ್ಟ್ರಾಗುವುದು. ಪಿಯು ಉಪನ್ಯಾಸಕರಾಗಲು ಎಂ.ಎ. ಸಾಲದು, ಬಿ.ಇಡಿ. ಬೇಕು. ಅಂದರೆ ಇನ್ನೆರಡು ವರ್ಷ, ಇನ್ನಷ್ಟು ಫೀಸು. ಪದವಿ ಕಾಲೇಜಿಗೆ ದೇಶಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್ ಬೇಕು. ನೆಟ್‌ನಲ್ಲಿ ನಮ್ಮ ವಿಷಯದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಒಂದನೇ ತರಗತಿಯಿಂದ ಎಂ.ಎ. ತನಕ ಕನ್ನಡದಲ್ಲೇ ಓದಿದ ಹುಡುಗಿ ಸಮಾಜಶಾಸ್ತ್ರಜ್ಞ ಡರ್ಖೈಮ್‌ನ ‘ಅನೋಮಿ’ಯನ್ನು, ಅಂದರೆ ಸಮಾಜದ ಕಟ್ಟಳೆ ಸಡಿಲವಾದ ಸ್ಥಿತಿಯನ್ನು, ಕನ್ನಡದಲ್ಲಿ ನನಗಿಂತ ಚೆನ್ನಾಗಿ ವಿವರಿಸುತ್ತಾಳೆ. ಪ್ರಶ್ನೆ ಅರ್ಥವಾಗದೆ ನೆಟ್‌ನಲ್ಲಿ ಕೂತು ಬರುತ್ತಾಳೆ. ಕೆ-ಸೆಟ್ ಕನ್ನಡದಲ್ಲೂ ಇದೆ, ಪುಣ್ಯ. ಆದರೆ ಅದರ ಬೆಲೆ ಈ ರಾಜ್ಯದ ಒಳಗೆ ಮಾತ್ರ. ಜೆ.ಆರ್.ಎಫ್. ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37 ಸಾವಿರ, ಅದು ಲಾಟರಿ ಹೊಡೆದ ಹಾಗೆ. 2024ರ ಜೂನ್ 18ಕ್ಕೆ ನಮ್ಮ ಮಕ್ಕಳು ರಾತ್ರಿ ಬಸ್ ಹತ್ತಿ ಹೋಗಿ ನೆಟ್ ಬರೆದು ಬಂದರು. ಮರುದಿನವೇ ಪರೀಕ್ಷೆ ರದ್ದು. ಬಸ್ ಚಾರ್ಜ್ ಯಾರು ಕೊಡಬೇಕು?

ಎಲ್ಲ ಪಾಸಾದರೂ ಹುದ್ದೆ ಬೇಕಲ್ಲ. ಪದವಿ ಕಾಲೇಜುಗಳಿಗೆ ಎಲ್ಲ ವಿಷಯ ಸೇರಿ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅಧಿಸೂಚನೆ ಬಂದದ್ದು 2021ರಲ್ಲಿ. ಉಳಿದವರು ನನ್ನ ಹಾಗೆ ಅತಿಥಿಗಳು. 2022ರ ಮೊದಲು ನಮಗೆ ತಿಂಗಳಿಗೆ 11ರಿಂದ 13 ಸಾವಿರ ಇತ್ತು. ಆಮೇಲೆ ವಾರಕ್ಕೆ 15 ಗಂಟೆ ಪಾಠ ಕೊಟ್ಟು 32 ಸಾವಿರದವರೆಗೆ ಏರಿಸಿದರು. ಏರಿಸಿದ್ದು ನಿಜ, ಋಣ ಇದೆ. ಆದರೆ ಗಂಟೆ ಜಾಸ್ತಿಯಾದಾಗ ತಲೆ ಕಡಿಮೆಯಾಗುತ್ತದೆ. ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರ ಪಾಲಾಯಿತು. ನಡುವೆ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಪ್ರತಿ ಸಲವೂ ಸಿಲಬಸ್ ಬದಲು, ವರ್ಕ್‌ಲೋಡ್ ಬದಲು.

ಸ್ಪರ್ಧಾ ಪರೀಕ್ಷೆಗೆ ಸಮಾಜಶಾಸ್ತ್ರ ಒಳ್ಳೆಯದು ಎಂದು ಧಾರವಾಡದ ಕೋಚಿಂಗ್ ಬೋರ್ಡುಗಳು ಹೇಳುತ್ತವೆ. ಯುಪಿಎಸ್‌ಸಿಯಲ್ಲಿ ನಿಜ. 500 ಅಂಕದ ಐಚ್ಛಿಕ ವಿಷಯ, ಕನ್ನಡದಲ್ಲೂ ಬರೆಯಬಹುದು. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಕಣ್ಣು ಕೆಎಎಸ್ ಮೇಲೆ, ಅದರ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯವೇ ಈಗಿಲ್ಲ. ಪಿಡಿಒ, ಎಫ್‌ಡಿಎಗಳಿಗೆ ಯಾವ ಪದವಿಯಾದರೂ ಸಾಕು, ಎಸ್‌ಡಿಎಗೆ ಪಿಯುಸಿಯೇ ಸಾಕು, ಅಂದರೆ ಎಂ.ಎ. ಬೇಕಾಗಿಲ್ಲ. ಪೊಲೀಸ್ ಕೆಲಸಕ್ಕೆ ಹೋದವರಿದ್ದಾರೆ, ಚೆನ್ನಾಗಿದ್ದಾರೆ.

ಒಂದೆರಡು ಕಡೆ ಬಾಗಿಲು ತೆರೆದಿದೆ, ಅದನ್ನೂ ಹೇಳುತ್ತೇನೆ. ಮಿಷನ್ ವಾತ್ಸಲ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಗೆ ಸಮಾಜಶಾಸ್ತ್ರ ಎಂದು ಬರೆದಿದ್ದಾರೆ. ಗುತ್ತಿಗೆ, ಸಂಬಳ ಕಡಿಮೆ, ಆದರೆ ಹೆಸರಿದೆ. ದೊಡ್ಡ ಕಂಪನಿಗಳು ಸಿಎಸ್‌ಆರ್ ಹಣದಲ್ಲಿ, ಅಂದರೆ ಸಮಾಜಕ್ಕೆಂದು ತೆಗೆದಿಡುವ ಹಣದಲ್ಲಿ, ಮಾಡಿದ ದೊಡ್ಡ ಕೆಲಸಗಳ ಪರಿಣಾಮವನ್ನು ಹೊರಗಿನವರಿಂದ ಅಧ್ಯಯನ ಮಾಡಿಸಬೇಕೆಂದು 2021ರಲ್ಲಿ ನಿಯಮ ಬಂತು. ಬೆಂಗಳೂರಿನಲ್ಲಿ ಆ ಕೆಲಸ ಇದೆ, ಇಂಗ್ಲಿಷ್ ಬಂದವರಿಗೆ. ಆ್ಯಪ್ ಮಾಡುವ ಕಂಪನಿಗಳು ಜನ ಹೇಗೆ ಫೋನ್ ಬಳಸುತ್ತಾರೆ ಎಂದು ಮನೆಗೇ ಹೋಗಿ ನೋಡಿ ಬರಲು ಜನ ಇಟ್ಟುಕೊಳ್ಳುತ್ತವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಸೇರಿದ್ದಾನೆ. “ಸರ್, ನೀವು ಕಲಿಸಿದ್ದನ್ನೇ ಮಾಡ್ತೀನಿ, ಹೆಸರು ಮಾತ್ರ ಬೇರೆ” ಎಂದ. ಅವನ ಸಂಬಳ ಕೇಳಿ ನಾನು ವಿಷಯ ಬದಲಿಸಿದೆ.

ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳು ಯಾಕೆ ಬರುತ್ತಾರೆ? ನನ್ನ ತರಗತಿಯಲ್ಲಿ ಮುಕ್ಕಾಲು ಪಾಲು ಹುಡುಗಿಯರು. ಒಮ್ಮೆ ಹಾಜರಿ ತೆಗೆದುಕೊಂಡ ಮೇಲೆ ಸುಮ್ನೆ ಕೇಳಿದೆ, ಈ ವಿಷಯ ಯಾಕೆ ತಗೊಂಡಿರಿ ಅಂತ. ಮೊದಲು ಎಲ್ಲರೂ “ಇಂಟರೆಸ್ಟ್ ರೀ ಸರ್” ಅಂದರು. ಹಿಂದಿನ ಬೆಂಚಿನಿಂದ ಒಬ್ಬಳು, “ಖರೇ ಹೇಳ್ಲ್ಯಾ ಸರ್? ಎಂ.ಎ. ಮುಗಿಯೂತನಾ ಮದುವಿ ಮಾತು ಬ್ಯಾಡ ಅಂತ ಅಪ್ಪಗ ಒಪ್ಪಿಸೀನಿ” ಎಂದಳು. ತರಗತಿ ನಕ್ಕಿತು. ಆಮೇಲೆ ಒಬ್ಬೊಬ್ಬರೇ ಅದನ್ನೇ ಹೇಳಿದರು.

ನನಗೆ ಇದು ನಗುವ ವಿಷಯ ಅನ್ನಿಸಲಿಲ್ಲ. ಎರಡು ವರ್ಷ. ಇಪ್ಪತ್ತೊಂದಕ್ಕೆ ಆಗಬೇಕಾದ ಮದುವೆ ಇಪ್ಪತ್ಮೂರಕ್ಕೆ ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಬಸ್ ಬಂದ ಮೇಲೆ ಮೂವತ್ತು, ನಲವತ್ತು ಕಿಲೋಮೀಟರ್ ದೂರದಿಂದ ಆಧಾರ್ ಕಾರ್ಡ್ ತೋರಿಸಿ ಬರುತ್ತಾರೆ. ಬಸ್ಸಿನಲ್ಲೇ ಓದುತ್ತಾರೆ, ಬಸ್ಸಿನಲ್ಲೇ ಜಗಳ ಆಡುತ್ತಾರೆ, ಬಸ್ಸಿನಲ್ಲೇ ಒಬ್ಬರಿಗೊಬ್ಬರು ನೋಟ್ಸ್ ಬರೆದುಕೊಡುತ್ತಾರೆ. ತರಗತಿಯಲ್ಲಿ ಪಿತೃಪ್ರಧಾನತೆ ಎಂಬ ಪದ ಬಂದಾಗ ನಾನು ವಿವರಿಸುವುದು ಕಡಿಮೆ. ಅವರು ಹೇಳುತ್ತಾರೆ, ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಉದ್ಯೋಗ ಸಿಕ್ಕವರ ಪಟ್ಟಿ ಕೊಡಿ ಎಂದು ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗಲೆಲ್ಲ ಕೇಳುತ್ತದೆ. ಮುಂದಕ್ಕೆ ಹೋದ ಮದುವೆಗಳ ಪಟ್ಟಿ ಕೊಡಲು ಕಾಲಂ ಇಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದ ಸಿ. ಪಾರ್ವತಮ್ಮನವರ ಬಗ್ಗೆ ಅವರಿಗೆ ಹೇಳಿದೆ. ದಲಿತ ಕುಟುಂಬದಲ್ಲಿ ಹುಟ್ಟಿ ಮ್ಯಾಂಚೆಸ್ಟರ್‌ಗೆ ಹೋಗಿ ಓದಿ ಬಂದವರು. “ಅವರ ಫೋಟೋ ಐತೇನ್ರಿ ಸರ್?” ಎಂದು ಕೇಳಿದರು. ನನ್ನ ಹತ್ತಿರ ಇರಲಿಲ್ಲ.

ನಮ್ಮ ತಪ್ಪನ್ನೂ ಹೇಳದೆ ಪತ್ರ ಮುಗಿಸಿದರೆ ಅನ್ಯಾಯ. ನಾವು ಕಲಿಸುವ ಎಂ.ಎ. ಹೇಗಿದೆ ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ‘ಸಂಶೋಧನಾ ವಿಧಾನ’ ಎಂಬ ಪತ್ರಿಕೆ ಇದೆ. ಸಂದರ್ಶನ ಎಂದರೇನು, ಅದರ ಗುಣಗಳು ಐದು, ದೋಷಗಳು ಐದು. ಮಕ್ಕಳು ಬಾಯಿಪಾಠ ಮಾಡಿ 80ಕ್ಕೆ 62 ತೆಗೆಯುತ್ತಾರೆ, ಒಂದೇ ಒಂದು ಸಂದರ್ಶನ ಮಾಡದೆ. ಕೊನೆಯ ಸೆಮಿಸ್ಟರ್‌ನ ಪ್ರಬಂಧಕ್ಕೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ‘ಸ್ವಸಹಾಯ ಸಂಘಗಳು: ಒಂದು ಅಧ್ಯಯನ’ ಸಿದ್ಧ ಇರುತ್ತದೆ. ತಾಲ್ಲೂಕಿನ ಹೆಸರು ಬದಲಿಸಿದರೆ ಆಯಿತು. ಒಮ್ಮೆ ಶಿಗ್ಗಾವಿ ಹುಡುಗನ ಪ್ರಬಂಧದಲ್ಲಿ ಸಮುದ್ರದ ಮೀನುಗಾರರು ಬಂದಿದ್ದರು. ನಾನೇ ಸಹಿ ಹಾಕಿದ್ದೆ. ಒಂದೇ ವಾರದಲ್ಲಿ ನಲವತ್ತು ಪ್ರಬಂಧ ನೋಡಬೇಕಿತ್ತು ಎನ್ನುವುದು ನೆಪವೇ ಸರಿ.

ಇದೇ ನೆಲದಲ್ಲಿ ಈ ಶಾಸ್ತ್ರ ಹೇಗೆ ಬೆಳೆದಿತ್ತು ನೋಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಭಾರತದ ಜಾತಿ ಬಗ್ಗೆ ಪಾಠ ಮಾಡಿದರೂ ಬರುವ ‘ಸಂಸ್ಕೃತೀಕರಣ’ (ಕೆಳಜಾತಿಯವರು ಮೇಲ್ಜಾತಿಯ ಆಚಾರ ಹಿಡಿದು ಮೇಲೇರಲು ನೋಡುವುದು) ಎಂಬ ಮಾತು ಅವರು ಕೊಡವರ ನಡುವೆ ಮಾಡಿದ ಅಧ್ಯಯನದಿಂದ ಬಂದದ್ದು. ‘ಪ್ರಬಲ ಜಾತಿ’ (ಜನ, ಜಮೀನಿನ ಬಲದಿಂದ ಊರಿನ ಹಿಡಿತ ಇರುವ ಜಾತಿ) ಎಂಬುದು ಮೈಸೂರು ಹತ್ತಿರದ ಹಳ್ಳಿಯಿಂದ. 1948ರಲ್ಲಿ ಅವರು ಆ ಹಳ್ಳಿಗೆ ಹೋಗಿ ಉಳಿದರು, ರಾಂಪುರ ಎಂದು ಅದಕ್ಕೆ ಬೇರೆ ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಅವರು ವರ್ಷಗಟ್ಟಲೆ ಕೂತು ಸಿದ್ಧ ಮಾಡಿಕೊಂಡಿದ್ದ ಟಿಪ್ಪಣಿಗಳು ಸುಟ್ಟು ಹೋದವು. ಆಮೇಲೆ ಆ ಹಳ್ಳಿಯನ್ನು ನೆನಪಿನಿಂದ ಬರೆದರು. ಬರೆಯಲು ಆದದ್ದು ಯಾಕೆಂದರೆ ಅವರು ಅಲ್ಲಿ ನಿಜಕ್ಕೂ ಇದ್ದರು. ನನ್ನ ವಿದ್ಯಾರ್ಥಿಯ ಪ್ರಬಂಧ ಸುಟ್ಟರೆ ಜೆರಾಕ್ಸ್ ಅಂಗಡಿಯಲ್ಲಿ ಇನ್ನೊಂದು ಪ್ರತಿ ಸಿಗುತ್ತದೆ.

ನನಗೆ ಇನ್ನೂ ಇಷ್ಟ ಆಗುವುದು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಣ್ಣುಮಗಳು ಮಂಡ್ಯ ಸೀಮೆಯಲ್ಲಿ ಮಾಡಿದ ಕೆಲಸ. 1954ರಿಂದ 56ರವರೆಗೆ ಎರಡು ಹಳ್ಳಿಗಳಲ್ಲಿದ್ದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆಯಿತು, ಹಣ ಕಂಡಿತು, ಆದರೆ ಒಡೆಯ-ಆಳು ಎಂಬ ಹಳೇ ಸಂಬಂಧ ಹಾಗೇ ಉಳಿಯಿತು. ನೀರು ಬಾರದ ಊರಿನವರು ಸುಮ್ಮನೆ ಕೂರಲಿಲ್ಲ. ಮಂಡ್ಯದ ಕಡೆ ಹೋದರು, ಕೂಲಿಗೆ, ನೌಕರಿಗೆ, ವ್ಯಾಪಾರಕ್ಕೆ. ಊರಿನ ಒಳಗಿನ ಸಂಬಂಧಗಳು ಹೆಚ್ಚು ಬದಲಾದದ್ದು ಆ ಒಣ ಊರಿನಲ್ಲೇ. ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲ ಎದುರಿಗೆ ಕೂತವರೇ ಆ ನೀರು ಬಾರದ ಊರಿನವರ ಹಾಗೆ ಕಾಣುತ್ತಾರೆ. ನಾಲೆ ಇವರ ಕಡೆ ತಿರುಗಿಲ್ಲ, ಅದಕ್ಕೇ ಎಲ್ಲೆಲ್ಲೋ ದಾರಿ ಹುಡುಕಿಕೊಂಡಿದ್ದಾರೆ. ಆದರೆ ನಾಲೆಯ ಗೇಟು ಇರುವುದು ನಿಮ್ಮ ಕೈಯಲ್ಲಿ, ಅದಕ್ಕೆ ಬರೆಯುತ್ತಿದ್ದೇನೆ.

ಕೇಳುವುದು ದೊಡ್ಡದೇನಲ್ಲ. ಹೊಸ ವಿಶ್ವವಿದ್ಯಾಲಯ ಬೇಡ, ಹೊಸ ಕಟ್ಟಡ ಬೇಡ. ಮೊದಲನೆಯದು ಸಿ ಅಂಡ್ ಆರ್ ರೂಲ್ಸ್. ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಗ್ರಾಮೀಣಾಭಿವೃದ್ಧಿ, ಯೋಜನಾ ಇಲಾಖೆ, ಇಷ್ಟರ ವೃಂದ ಮತ್ತು ನೇಮಕಾತಿ ನಿಯಮಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಎಲ್ಲೆಲ್ಲಿ ಎಂ.ಎಸ್.ಡಬ್ಲ್ಯೂ. ಎಂದು ಮಾತ್ರ ಇದೆಯೋ ಅಲ್ಲಿ ‘ಅಥವಾ ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ’ ಎಂದು ಸೇರಿಸಿ. ಎಂ.ಎಸ್.ಡಬ್ಲ್ಯೂ. ಮಕ್ಕಳ ಮೇಲೆ ನಮಗೆ ಮತ್ಸರ ಇಲ್ಲ. ಅವರಿಗೆ ವಾರಕ್ಕೆರಡು ದಿನ ಕಡ್ಡಾಯ ಕ್ಷೇತ್ರಕಾರ್ಯ ಇರುತ್ತದೆ, ನಮ್ಮವರಿಗೆ ಇಲ್ಲ. ‘ಅವರಿಗೆ ಅನುಭವ ಇದೆ’ ಎಂದು ನಿಮ್ಮ ಅಧಿಕಾರಿಗಳು ಹೇಳಿದರೆ ಅದು ಸರಿಯಾದ ಮಾತೇ.

ಅದಕ್ಕೇ ಎರಡನೆಯದು. ಎಂ.ಎ. ಕೊನೆಯ ಸೆಮಿಸ್ಟರ್ ಪೂರ್ತಿ ಕ್ಷೇತ್ರಕ್ಕೆ ಬಿಡಿ. ಜೆರಾಕ್ಸ್ ಪ್ರಬಂಧ ನಿಲ್ಲಿಸಿ. ನಾನು ಹೇಳಿದ ಎರಡನೇ ಕೆಇಎ ಇದೆಯಲ್ಲ, ಅದು ವರ್ಷಕ್ಕೆ ಜಿಲ್ಲೆಗೊಂದು ಯೋಜನೆಯ ಮೌಲ್ಯಮಾಪನವನ್ನು ಆ ಜಿಲ್ಲೆಯ ಪಿ.ಜಿ. ಸೆಂಟರ್‌ಗೇ ಕೊಡಲಿ. ಹಾವೇರಿಯಲ್ಲಿ ಗೃಹಲಕ್ಷ್ಮಿ ಹಣವನ್ನು ಯಾರ ಕೈ ಖರ್ಚು ಮಾಡುತ್ತದೆ ಎಂದು ನಮ್ಮ ಹುಡುಗಿಯರು ಕೇಳಿದ ಹಾಗೆ ಬೆಂಗಳೂರಿನ ಯಾವ ಕನ್ಸಲ್ಟೆನ್ಸಿಯೂ ಕೇಳಲಾರದು. ಅಡುಗೆಮನೆಯ ತನಕ ಇವರನ್ನು ಬಿಟ್ಟುಕೊಳ್ಳುತ್ತಾರೆ. ವಿದ್ಯಾರ್ಥಿಗೆ ತಿಂಗಳಿಗೆ ಒಂದಿಷ್ಟು ಭತ್ಯೆ ಕೊಡಿ, ಕನ್ಸಲ್ಟೆನ್ಸಿಗೆ ಕೊಡುವುದರಲ್ಲೇ ಉಳಿಯುತ್ತದೆ. ವರದಿಯ ಮೇಲೆ ಅವರ ಹೆಸರು ಇರಲಿ.

ಮೂರನೆಯದನ್ನು ಬೇಗ ಹೇಳಿ ಬಿಡುತ್ತೇನೆ. ನೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಲಿ ಎಂದು ದೆಹಲಿಗೆ ಒಂದು ಪತ್ರ ಬರೆಯಿರಿ. ನೀವು ಬರೆದರೆ ಅದು ಪತ್ರ, ನಾನು ಬರೆದರೆ ಹೀಗೆ ಬಹಿರಂಗ ಪತ್ರ.

ಮೊದಲ ಕೆಲಸ ಆದ ದಿನ ಆ ಡ್ರಾಪ್‌ಡೌನ್ ಪಟ್ಟಿಯಲ್ಲಿ ಒಂದು ಸಾಲು ಸೇರಿಸಲು ಕಂಪ್ಯೂಟರ್‌ನವರಿಗೆ ಹತ್ತು ನಿಮಿಷ ಬೇಕಾಗಬಹುದು. ಆ ಹುಡುಗಿ ಈಗ ರಾಣೆಬೆನ್ನೂರಿನ ಒಂದು ಫೈನಾನ್ಸ್ ಕಂಪನಿಯಲ್ಲಿ ಮಹಿಳಾ ಸಂಘಗಳ ಸಾಲ ವಸೂಲಿ ಮಾಡುತ್ತಾಳೆ. ಮನೆ ಮನೆ ತಿರುಗುತ್ತಾಳೆ, ಹೆಂಗಸರ ಜೊತೆ ಕೂತು ಮಾತಾಡುತ್ತಾಳೆ, ಯಾರ ಮನೆಯಲ್ಲಿ ಕಷ್ಟ ಇದೆ ಎಂದು ಅವಳಿಗೆ ಸರಿಯಾಗಿ ಗೊತ್ತು. ಅದನ್ನು ಬರೆದುಕೊಳ್ಳಲು ಅವಳ ಟ್ಯಾಬ್‌ನಲ್ಲಿ ಜಾಗ ಇಲ್ಲ. ಕಟ್ಟಿದರು, ಕಟ್ಟಿಲ್ಲ, ಎರಡೇ ಕಾಲಂ.

ಉತ್ತರ ಬರೆಯುವ ಮನಸ್ಸಾದರೆ ಸೆಮಿಸ್ಟರ್ ಮುಗಿಯುವುದರೊಳಗೆ ಕಾಲೇಜಿನ ವಿಳಾಸಕ್ಕೆ ಕಳಿಸಿ. ಅದು ಮುಗಿದ ದಿನ ಅತಿಥಿಗಳನ್ನು ಬಿಡುಗಡೆ ಮಾಡುತ್ತಾರೆ. ಆಮೇಲೆ ಬಂದ ಟಪಾಲನ್ನು ನಮ್ಮ ಜವಾನರು ಜೋಪಾನವಾಗಿ ಇಟ್ಟಿರುತ್ತಾರೆ, ಮುಂದಿನ ವರ್ಷ ಮತ್ತೆ ಕರೆದರೆ ತಗೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕ, ಸಮಾಜಶಾಸ್ತ್ರ ವಿಭಾಗ
ಹಾವೇರಿ ಜಿಲ್ಲೆ